ಗಟ್ಟಿಮುಟ್ಟಾದ ಯುವಕರನ್ನೂ ಕೋವಿಡ್ ಕೆಡವಿದ್ದೇಕೆ?



ಕೆಲವು ತಿಂಗಳ ಹಿಂದೆ ಒಂದು ಕಾಲೇಜಿಗೆ ಭಾಷಣ ಮಾಡಲು ಹೋಗಿದ್ದೆ. ಅಂದಿನ ವಿಷಯ ರಕ್ತದ ಗುಂಪುಗಳು. ಭಾಷಣ ಮುಗಿದು ಎಲ್ಲರೂ ಹೊರಟುಹೋದ ಮೇಲೂ ಒಬ್ಬ ಹುಡುಗಿ ಬಾಗಿಲ ಬಳಿ ನಿಂತೇ ಇದ್ದಳು. "ಸರ್, ಒಂದು ಪ್ರಶ್ನೆ. ಇವತ್ತಿನ ವಿಷಯಕ್ಕೆ ಸೇರಿದ್ದಲ್ಲ" ಎಂದಳು. ಅವಳ ಅಣ್ಣ 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದ. ವಯಸ್ಸು 24. ತಾಲ್ಲೂಕು ತಂಡದಲ್ಲಿ ಕಬಡ್ಡಿ ಆಡುತ್ತಿದ್ದ ಹುಡುಗ. ಬೀಡಿ, ಸಿಗರೇಟು ಮುಟ್ಟಿದವನಲ್ಲ. ಅದೇ ಮನೆಯಲ್ಲಿ 78 ವರ್ಷದ ಅಜ್ಜಿಗೂ ಅದೇ ಸೋಂಕು ತಗುಲಿತ್ತು. ಅಜ್ಜಿ ನಾಲ್ಕು ದಿನ ಮಲಗಿ ಎದ್ದು ಕುಳಿತರು. "ಜ್ವರ ಬಂದ ದಿನ ನಾನೇ ಅವನಿಗೆ ತಲೆಗೆ ನೀರು ಹಾಕಿದೆ, ಮೊಸರನ್ನ ಕಲಸಿಕೊಟ್ಟೆ, ಅದರಿಂದಲೇ ಹೀಗಾಯ್ತು ಅಂತ ಅಮ್ಮ ಈಗಲೂ ಅಳ್ತಾರೆ ಸರ್. ಅದು ನಿಜವಾ?"

ನಿಜವಲ್ಲ ಎಂದೆ. ಆದರೆ ಅವಳ ಮುಂದಿನ ಪ್ರಶ್ನೆ, "ಹಾಗಾದರೆ ಯಾಕೆ?" ಎಂಬುದಕ್ಕೆ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಕೊಡಲಾಗಲಿಲ್ಲ. ಇಂದು ಕೊಡಲು ಪ್ರಯತ್ನಿಸುತ್ತೇನೆ.

ಮೊದಲು ಸ್ವಲ್ಪ ಲೆಕ್ಕ ನೋಡೋಣ. ಭಾರತದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವೆಂದು ದಾಖಲಾದದ್ದು 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು. ಇದು ವಯಸ್ಸಾದವರ ಕಾಯಿಲೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಆ ಮಾತು ತಪ್ಪೇನೂ ಅಲ್ಲ. ಲಸಿಕೆ ಬರುವುದಕ್ಕೆ ಮೊದಲು, ಹೆಚ್ಚಾಗಿ ಮುಂದುವರಿದ ದೇಶಗಳ ಅಂಕಿ ಅಂಶಗಳನ್ನು ಒಟ್ಟುಗೂಡಿಸಿ 2020ರಲ್ಲಿ ಒಂದು ಅಂದಾಜು ಮಾಡಿದ್ದರು. ಸೋಂಕು ತಗುಲಿದವರಲ್ಲಿ 85 ವರ್ಷದವರಾದರೆ 100ಕ್ಕೆ 15 ಮಂದಿ, 75ರವರಾದರೆ 100ಕ್ಕೆ ನಾಲ್ಕೈದು ಮಂದಿ, 55ರವರಾದರೆ 1,000ಕ್ಕೆ 4 ಮಂದಿ ಸಾಯುತ್ತಾರೆ. 25 ವರ್ಷದವರಲ್ಲಿ? 10,000ಕ್ಕೆ ಒಬ್ಬ.

ಹತ್ತು ಸಾವಿರಕ್ಕೆ ಒಬ್ಬ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎನಿಸುತ್ತದೆ. ಆದರೆ ಒಂದು ಕೋಟಿ ಯುವಕ ಯುವತಿಯರಿಗೆ ಸೋಂಕು ತಗುಲಿದರೆ ಆ ಲೆಕ್ಕದಲ್ಲೇ ಸಾವಿರ ಮನೆಗಳಲ್ಲಿ ಸೂತಕ. 2021ರ ಎರಡನೆಯ ಅಲೆಯಲ್ಲಿ ಡೆಲ್ಟಾ ಎಂಬ ರೂಪಾಂತರಿ ಅತಿ ವೇಗವಾಗಿ ಹರಡಿತು. ಅದೇ ಜೂನ್–ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ರಕ್ತ ಸಮೀಕ್ಷೆಯಲ್ಲಿ ದೇಶದ ಮೂರರಲ್ಲಿ ಎರಡು ಪಾಲು ಜನರ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಕಂಡುಬಂದವು. ಇನ್ನೊಂದು ಸಂಗತಿಯೂ ಇತ್ತು. ಲಸಿಕೆ 60 ದಾಟಿದವರಿಗೆ ಮಾರ್ಚ್ 1ರಿಂದ, 45 ದಾಟಿದ ಎಲ್ಲರಿಗೂ ಏಪ್ರಿಲ್ 1ರಿಂದ ಸಿಗತೊಡಗಿತ್ತು. 18 ದಾಟಿದವರ ಸರದಿ ಬಂದದ್ದು ಮೇ 1ಕ್ಕೆ. ಅಷ್ಟರಲ್ಲಿ ಅಲೆ ನೆತ್ತಿಗೇರಿತ್ತು.

ಲೆಕ್ಕ ಇಷ್ಟನ್ನು ಹೇಳುತ್ತದೆ. ಹತ್ತು ಸಾವಿರದಲ್ಲಿ ಆ ಒಬ್ಬ ಯಾರು, ಅವನೇ ಏಕೆ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ನಾವು ನೆದರ್ಲೆಂಡ್ಸ್ ದೇಶಕ್ಕೆ ಹೋಗಬೇಕು.

2020ರ ಮಾರ್ಚ್–ಏಪ್ರಿಲ್‌ನಲ್ಲಿ ಆ ದೇಶದ ಆಸ್ಪತ್ರೆಗಳಲ್ಲಿ ನಾಲ್ವರು ಯುವಕರು ತೀವ್ರ ನಿಗಾ ಘಟಕ ಸೇರಿದರು. ಎಲ್ಲರೂ 21ರಿಂದ 32 ವರ್ಷದೊಳಗಿನವರು. ಹಿಂದೆ ಯಾವ ದೊಡ್ಡ ಕಾಯಿಲೆಯೂ ಇದ್ದವರಲ್ಲ. ನಾಲ್ವರಿಗೂ ವೆಂಟಿಲೇಟರ್ ಹಾಕಬೇಕಾಯಿತು, ಒಬ್ಬ ಉಳಿಯಲಿಲ್ಲ. ವೈದ್ಯರ ಗಮನ ಸೆಳೆದದ್ದು ಇನ್ನೊಂದು ಸಂಗತಿ: ಆ ನಾಲ್ವರು ಎರಡೇ ಮನೆಯವರು. ಒಂದು ಮನೆಯ ಅಣ್ಣತಮ್ಮಂದಿರಿಬ್ಬರು, ಇನ್ನೊಂದು ಮನೆಯ ಅಣ್ಣತಮ್ಮಂದಿರಿಬ್ಬರು. ಅಷ್ಟು ಅಪರೂಪವಾದದ್ದು ಒಂದೇ ಮನೆಯಲ್ಲಿ ಎರಡು ಸಲ ನಡೆದರೆ ಅದನ್ನು ಬರಿಯ ಆಕಸ್ಮಿಕ ಎಂದು ತಳ್ಳಿಹಾಕಲಾಗದು. ನೈಮೇಖನ್ ನಗರದ ರಾಡ್‌ಬೌಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅವರ ವಂಶವಾಹಿಗಳನ್ನು ಅಕ್ಷರ ಅಕ್ಷರವಾಗಿ ಓದಿದರು. ಒಂದು ಮನೆಯ ಸೋದರರಲ್ಲಿ ಟಿಎಲ್‌ಆರ್ 7 ಎಂಬ ವಂಶವಾಹಿಯಲ್ಲಿ ನಾಲ್ಕು ಅಕ್ಷರಗಳು ಬಿಟ್ಟುಹೋಗಿದ್ದವು. ಇನ್ನೊಂದು ಮನೆಯ ಸೋದರರಲ್ಲಿ ಅದೇ ವಂಶವಾಹಿಯ ಒಂದು ಅಕ್ಷರ ಬದಲಾಗಿತ್ತು. ಬೇರೆ ಬೇರೆ ಮನೆ, ಬೇರೆ ಬೇರೆ ತಪ್ಪು, ಆದರೆ ವಂಶವಾಹಿ ಒಂದೇ. ಈ ವರದಿ ಅದೇ ವರ್ಷದ ಜುಲೈನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ವಂಶವಾಹಿಯ ಕೆಲಸ ಏನು? ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಹೇಳುವುದು ಸುಲಭ. ಕಣದಲ್ಲಿ ಸಾಲಾಗಿ ಹುಲ್ಲಿನ ಬಣವೆಗಳಿವೆ ಎಂದುಕೊಳ್ಳಿ. ರಾತ್ರಿ ಒಂದಕ್ಕೆ ಬೆಂಕಿ ಬೀಳುತ್ತದೆ. ಮೊದಲು ಕಂಡವನು "ಬೆಂಕಿ, ಬೆಂಕಿ!" ಎಂದು ಕೂಗುತ್ತಾನೆ. ಆ ಕೂಗಿಗೆ ಎದ್ದವರೆಲ್ಲ ಉರಿಯುವ ಬಣವೆಯನ್ನು ಬಿಟ್ಟು ಪಕ್ಕದ ಬಣವೆಗಳಿಗೆ ನೀರು ಹೊಯ್ಯುತ್ತಾರೆ. ಹತ್ತಿದ್ದು ಉರಿದುಹೋಗುತ್ತದೆ, ಉಳಿದವು ಉಳಿಯುತ್ತವೆ.

ನಮ್ಮ ಮೂಗು, ಗಂಟಲು, ಶ್ವಾಸಕೋಶಗಳಲ್ಲಿ ನಡೆಯುವುದೂ ಇದೇ. ವೈರಸ್ಸು ಒಂದು ಜೀವಕೋಶದೊಳಗೆ ಹೊಕ್ಕಾಗ ಅದರ ಆರ್‌ಎನ್‌ಎಯನ್ನು ಗುರುತಿಸುವ ಕಾವಲುಗಾರ ಪ್ರೋಟೀನುಗಳಿವೆ. ಟಿಎಲ್‌ಆರ್ 7 ಅಂಥ ಒಬ್ಬ ಕಾವಲುಗಾರ. ರಕ್ತದಲ್ಲಿ ಸಂಚರಿಸುವ ಒಂದು ವಿಶೇಷ ಜಾತಿಯ ಬಿಳಿ ಕಣಗಳಲ್ಲಿ ಅದರ ಠಾಣೆ. ಅದು ವೈರಸ್ಸನ್ನು ಕಂಡೊಡನೆ ಆ ಕಣ ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಕ್ಕೆ ಸುರಿಯುತ್ತದೆ. ಅದೇ ಕೂಗು. ಕೂಗು ಮುಟ್ಟಿದ ಜೀವಕೋಶಗಳು ನೂರಾರು ವಂಶವಾಹಿಗಳನ್ನು ಚಾಲೂ ಮಾಡಿಕೊಂಡು ವೈರಸ್ಸು ತಮ್ಮೊಳಗೆ ಬೆಳೆಯದಂತೆ ಸಿದ್ಧವಾಗುತ್ತವೆ. ಪ್ರತಿಕಾಯಗಳು ತಯಾರಾಗಲು ಒಂದೆರಡು ವಾರ ಬೇಕು. ಇಂಟರ್‌ಫೆರಾನ್ ಕೆಲವೇ ಗಂಟೆಗಳಲ್ಲಿ ಕೆಲಸಕ್ಕಿಳಿಯುತ್ತದೆ.

ಇಂಟರ್‌ಫೆರಾನ್ ಹೊಸ ಪದಾರ್ಥವೇನಲ್ಲ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಜೀನ್ ಲಿಂಡನ್‌ಮನ್ ಕೋಳಿಮೊಟ್ಟೆಯ ಪೊರೆಯ ಮೇಲೆ ಇನ್‌ಫ್ಲುಯೆಂಜಾ ವೈರಸ್ಸಿನ ಪ್ರಯೋಗ ಮಾಡುತ್ತಿದ್ದರು. ಬಿಸಿ ಮಾಡಿ ನಿಷ್ಕ್ರಿಯಗೊಳಿಸಿದ ವೈರಸ್ಸನ್ನು ಪೊರೆಗೆ ತಾಗಿಸಿದರೆ, ಆ ಪೊರೆ ಏನನ್ನೋ ಸ್ರವಿಸುತ್ತದೆ. ಆ ಸ್ರಾವವನ್ನು ಬೇರೆ ಪೊರೆಗೆ ಹಾಕಿದರೆ ಅದರಲ್ಲಿ ಜೀವಂತ ವೈರಸ್ಸೂ ಬೆಳೆಯುವುದಿಲ್ಲ. ವೈರಸ್ಸಿನ ಕೆಲಸಕ್ಕೆ ಅಡ್ಡಬರುವ ಈ ವಸ್ತುವಿಗೆ, ಅಡ್ಡಬರುವುದು ಎಂಬ ಅರ್ಥದ ಇಂಗ್ಲಿಷ್ ಮಾತಿನಿಂದಲೇ ಅವರು ಹೆಸರು ಕೊಟ್ಟರು.

ಈಗ ಆ ಡಚ್ ಯುವಕರ ಕಥೆ ಅರ್ಥವಾಗುತ್ತದೆ. ಅವರ ಕಣದಲ್ಲಿ ಕಾವಲುಗಾರ ಕುರುಡನಾಗಿದ್ದ. ಬೆಂಕಿ ಬಿದ್ದರೂ ಕೂಗಲಿಲ್ಲ. ಅವರ ತೋಳಿನಲ್ಲಿ ಬಲವಿತ್ತು, ಎದೆಯಲ್ಲಿ ಉಸಿರಿತ್ತು. ಆದರೆ ಆ ಮೊದಲ ಕೂಗಿಗೂ ತೋಳ್ಬಲಕ್ಕೂ ಸಂಬಂಧವಿಲ್ಲ.

ನಾಲ್ವರೂ ಗಂಡುಮಕ್ಕಳೇ ಆಗಿದ್ದೇಕೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಜೀವಶಾಸ್ತ್ರ ಓದುತ್ತಿರುವವರಿಗೆ ವರ್ಣಾಂಧತೆಯ ಪಾಠ ನೆನಪಿರಬೇಕು. ಟಿಎಲ್‌ಆರ್ 7 ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಹೆಣ್ಣಿಗೆ ಎರಡು ಎಕ್ಸ್; ಒಂದರಲ್ಲಿ ದೋಷವಿದ್ದರೆ ಇನ್ನೊಂದು ನಿಭಾಯಿಸುತ್ತದೆ. ಗಂಡಿಗೆ ಒಂದೇ. ಅದು ಬರುವುದೂ ತಾಯಿಯಿಂದ. ತಾಯಿಗೆ ಏನೂ ಆಗಿರುವುದಿಲ್ಲ, ತನ್ನಲ್ಲಿ ಅಂಥದೊಂದು ಇದೆ ಎಂಬ ಅರಿವೂ ಇರುವುದಿಲ್ಲ. ಬಳಿಕ 2021ರಲ್ಲಿ ಹಲವು ದೇಶಗಳ ರೋಗಿಗಳನ್ನು ಪರೀಕ್ಷಿಸಿದಾಗ, ಕೋವಿಡ್‌ನಿಂದ ಪ್ರಾಣಾಪಾಯದ ಸ್ಥಿತಿ ತಲುಪಿದ 60 ವರ್ಷದೊಳಗಿನ ಗಂಡಸರಲ್ಲಿ 100ಕ್ಕೆ ಸುಮಾರು ಇಬ್ಬರಲ್ಲಿ ಈ ದೋಷ ಕಂಡಿತು.

ಇದೊಂದೇ ವಂಶವಾಹಿಯಲ್ಲ. ಪ್ಯಾರಿಸ್ ಮತ್ತು ನ್ಯೂಯಾರ್ಕ್‌ಗಳಲ್ಲಿ ಕೆಲಸ ಮಾಡುವ ಜೀನ್ ಲಾರೆಂಟ್ ಕಸನೋವಾ ಎಂಬ ಮಕ್ಕಳ ವೈದ್ಯರು ಬಹಳ ವರ್ಷಗಳಿಂದ ಒಂದು ಮಾತನ್ನು ಸಾಧಿಸುತ್ತ ಬಂದಿದ್ದಾರೆ: ಆರೋಗ್ಯವಾಗಿದ್ದ ಮಗು ಒಂದು ಸಾಧಾರಣ ಸೋಂಕಿಗೆ ಇದ್ದಕ್ಕಿದ್ದಂತೆ ಬಲಿಯಾದರೆ, ಸೋಂಕಿನ ಉಗ್ರತೆಯನ್ನಷ್ಟೇ ನೋಡಬೇಡಿ, ಮಗುವಿನ ವಂಶವಾಹಿಯನ್ನೂ ನೋಡಿ ಎಂದು. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸು ಕೆಲವೇ ಮಕ್ಕಳ ಮಿದುಳಿಗೆ ಏಕೆ ನುಗ್ಗುತ್ತದೆ ಎಂಬುದಕ್ಕೆ 2007ರಲ್ಲಿ ಅವರ ತಂಡ ಟಿಎಲ್‌ಆರ್ 3 ಎಂಬ ಇನ್ನೊಬ್ಬ ಕಾವಲುಗಾರನ ದೋಷವನ್ನು ತೋರಿಸಿತ್ತು. 2015ರಲ್ಲಿ ಇನ್‌ಫ್ಲುಯೆಂಜಾದಿಂದ ಸಾವಿನಂಚಿಗೆ ಹೋಗಿದ್ದ ಪುಟ್ಟ ಹುಡುಗಿಯೊಬ್ಬಳಲ್ಲಿ ಐಆರ್‌ಎಫ್ 7 ಎಂಬ ವಂಶವಾಹಿಯ ದೋಷ ಸಿಕ್ಕಿತ್ತು. ಹೀಗಾಗಿ ಕೋವಿಡ್ ಬಂದಾಗ ಎಲ್ಲಿ ಹುಡುಕಬೇಕೆಂದು ಅವರಿಗೆ ತಿಳಿದಿತ್ತು. 659 ಮಂದಿ ತೀವ್ರ ರೋಗಿಗಳಲ್ಲಿ 23 ಮಂದಿಗೆ, ಅಂದರೆ 100ಕ್ಕೆ ಮೂರೂವರೆಯಂತೆ, ಇಂಟರ್‌ಫೆರಾನ್ ದಾರಿಯ ಯಾವುದಾದರೊಂದು ವಂಶವಾಹಿ ಕೆಟ್ಟಿತ್ತು. ಅವರಲ್ಲಿ ನಾಲ್ವರಿಗೆ ತಂದೆಯಿಂದಲೂ ತಾಯಿಯಿಂದಲೂ ಕೆಟ್ಟ ಪ್ರತಿಯೇ ಬಂದಿತ್ತು. ಅವರ ವಯಸ್ಸು 25ರಿಂದ 50. ಅಷ್ಟು ವರ್ಷ ಅವರು ಎಲ್ಲರಂತೆ ಓಡಾಡಿಕೊಂಡಿದ್ದರು. ಹಳೆಯ ವೈರಸ್ಸುಗಳ ಜೊತೆ ದೇಹ ಬೇರೆ ದಾರಿಗಳಿಂದ ಹೇಗೋ ಹೆಣಗಿ ಸುಧಾರಿಸಿಕೊಂಡಿತ್ತು. ಹಿಂದೆಂದೂ ಕಾಣದ ವೈರಸ್ಸು ಬಂದಾಗ ಒಳಗಿನ ಬಿರುಕು ಬಾಯಿಬಿಟ್ಟಿತು.

ಇದೇ ವಿಜ್ಞಾನಿಗಳು 2020ರಲ್ಲಿ ಕಂಡುಹಿಡಿದ ಎರಡನೆಯ ಸಂಗತಿ ಇದಕ್ಕಿಂತ ಬೆರಗಿನದು. ಕೆಲವರಲ್ಲಿ ಕಾವಲುಗಾರನ ಕಣ್ಣು ಸರಿಯಾಗಿದೆ, ಅವನು ಕೂಗುತ್ತಾನೆ ಕೂಡ. ಆದರೆ ಮನೆಯವರೇ ಅವನ ಬಾಯಿಗೆ ಬಟ್ಟೆ ತುರುಕುತ್ತಾರೆ! ಹೊರಗಿನ ಶತ್ರುವಿನ ಮೇಲೆ ಏರಿಹೋಗಬೇಕಾದ ಪ್ರತಿಕಾಯಗಳು ದಾರಿತಪ್ಪಿ ತಮ್ಮದೇ ಇಂಟರ್‌ಫೆರಾನನ್ನು ಹಿಡಿದು ಕಟ್ಟಿಹಾಕುತ್ತವೆ. 987 ತೀವ್ರ ರೋಗಿಗಳಲ್ಲಿ 101 ಮಂದಿಯಲ್ಲಿ ಇಂಥ ಪ್ರತಿಕಾಯಗಳಿದ್ದವು. ಆ 101ರಲ್ಲಿ 95 ಮಂದಿ ಗಂಡಸರು. ಸೋಂಕು ತಗುಲಿಯೂ ಹಗುರವಾಗಿ ಪಾರಾದ 663 ಮಂದಿಯಲ್ಲಿ ಒಬ್ಬರಲ್ಲೂ ಇರಲಿಲ್ಲ. ಪ್ರತಿಕಾಯ ಎಂದರೆ ಒಳ್ಳೆಯದು, ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ತಿಳಿದವರಿಗೆ ಇದು ಒಂದು ಪೆಟ್ಟು. ಇವು 70 ದಾಟಿದವರಲ್ಲಿ ಹೆಚ್ಚು, ಯುವಕರಲ್ಲಿ ಕಡಿಮೆ. ಆದರೆ ಯುವಕರಲ್ಲಿ ಇಲ್ಲವೇ ಇಲ್ಲ ಎಂದಲ್ಲ.

ವಂಶವಾಹಿಯ ದೋಷ, ದಾರಿತಪ್ಪಿದ ಪ್ರತಿಕಾಯ, ಎರಡನ್ನೂ ಸೇರಿಸಿದರೆ ಪ್ರಾಣಾಪಾಯಕ್ಕೆ ಸಿಲುಕಿದವರಲ್ಲಿ 100ಕ್ಕೆ 15ರಿಂದ 20 ಮಂದಿಯ ಕಾಯಿಲೆಗೆ ಕಾರಣ ಸಿಗುತ್ತದೆಂದು ಈ ವಿಜ್ಞಾನಿಗಳ ಅಂದಾಜು. ಉಳಿದವರ ಮಾತಿಗೆ ಆಮೇಲೆ ಬರುತ್ತೇನೆ.

ಕೂಗು ಕೇಳಿಸದ ಊರಿನಲ್ಲಿ ಮುಂದೆ ಏನಾಗುತ್ತದೆ? ಬೆಂಕಿ ಹತ್ತು ಬಣವೆಗೆ ಹಬ್ಬಿದ ಮೇಲೆ ಊರೆಲ್ಲ ಒಮ್ಮೆಲೇ ಎಚ್ಚರವಾಗುತ್ತದೆ. ಜನ ಗಾಬರಿಯಿಂದ ಓಡಿಬಂದು ಸಿಕ್ಕಿದ್ದನ್ನೆಲ್ಲ ಎಳೆದು ಕೆಡವುತ್ತಾರೆ, ಹತ್ತದ ಗುಡಿಸಲುಗಳನ್ನೂ ಕೀಳುತ್ತಾರೆ. ಕೋವಿಡ್‌ನಲ್ಲಿ ಮೊದಲ ವಾರ ಜ್ವರ, ಮೈಕೈ ನೋವು ಇದ್ದು, ಎರಡನೆಯ ವಾರದ ಹೊತ್ತಿಗೆ ಹಠಾತ್ತನೆ ಶ್ವಾಸಕೋಶ ತುಂಬಿಕೊಳ್ಳುತ್ತಿದ್ದದ್ದು ಹೀಗೆ. ಆ ಹಾನಿಯಲ್ಲಿ ವೈರಸ್ಸಿನ ಪಾಲಿಗಿಂತ ದೇಹದ ತಡವಾದ ಉರಿಯೂತದ ಪಾಲು ಎಷ್ಟೋ ವೇಳೆ ಹೆಚ್ಚು. ಇಂಗ್ಲೆಂಡಿನ ರಿಕವರಿ ಎಂಬ ದೊಡ್ಡ ಪರೀಕ್ಷೆ 2020ರ ಜೂನ್‌ನಲ್ಲಿ ಇದಕ್ಕೆ ಸಾಕ್ಷಿ ಒದಗಿಸಿತು. ಉರಿಯೂತ ತಗ್ಗಿಸುವ ಡೆಕ್ಸಾಮೆಥಸೋನ್ ಎಂಬ ಅಗ್ಗದ ಹಳೆಯ ಸ್ಟೀರಾಯ್ಡ್ ಔಷಧ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೆಯ ಒಂದು ಪಾಲಿನಷ್ಟು ಇಳಿಸಿತು. ಆಮ್ಲಜನಕವೇ ಬೇಕಿಲ್ಲದ ರೋಗಿಗಳಿಗೆ ಅದರಿಂದ ಯಾವ ಉಪಯೋಗವೂ ಆಗಲಿಲ್ಲ. ಅಂದರೆ ಔಷಧ ಒಂದೇ ಆದರೂ ಯಾವ ದಿನ ಕೊಡುತ್ತೇವೆ ಎಂಬುದು ಮುಖ್ಯ. 2021ರಲ್ಲಿ ನಮ್ಮಲ್ಲಿ ಜ್ವರದ ಮೊದಲ ದಿನವೇ ಅಂಗಡಿಯಿಂದ ಸ್ಟೀರಾಯ್ಡ್ ತಂದು ನುಂಗಿದವರಿದ್ದರು. ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಸೋಂಕಿನ ವಿರುದ್ಧದ ಹೋರಾಟವನ್ನು ಕುಗ್ಗಿಸುತ್ತದೆ. ಕಪ್ಪು ಶಿಲೀಂಧ್ರದ ಕಾಯಿಲೆ ಆ ಬೇಸಿಗೆಯಲ್ಲಿ ಅಷ್ಟು ಜನರ ಕಣ್ಣು, ದವಡೆಗಳನ್ನು ಬಲಿ ತೆಗೆದುಕೊಂಡದ್ದಕ್ಕೆ ಸಕ್ಕರೆ ಕಾಯಿಲೆಯ ಜೊತೆಗೆ ಸ್ಟೀರಾಯ್ಡ್ ಅತಿಬಳಕೆಯೂ ಕಾರಣ.

ಸಕ್ಕರೆ ಕಾಯಿಲೆಯ ಮಾತು ಬಂದದ್ದರಿಂದ ಉಳಿದವರ ವಿಷಯಕ್ಕೆ ಬರೋಣ. "ಅವನಿಗೆ ಏನೂ ಇರಲಿಲ್ಲ" ಎಂದು ಹೇಳಿದ ಎಷ್ಟೋ ಯುವಕರಿಗೆ ಏನೋ ಇತ್ತು. ಯಾರೂ ಪರೀಕ್ಷೆ ಮಾಡಿಸಿರಲಿಲ್ಲ ಅಷ್ಟೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಹೇಳುತ್ತದೆ. ಮೂವತ್ತರ ಹರೆಯದವರೂ ಅದರಲ್ಲಿದ್ದಾರೆ. ಸ್ಥೂಲಕಾಯ ಇನ್ನೊಂದು ಕಾರಣ. ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೆ ತಳ್ಳಿ ಶ್ವಾಸಕೋಶದ ಕೆಳಭಾಗವನ್ನು ಒತ್ತುತ್ತದೆ. ಅಷ್ಟೇ ಅಲ್ಲ, ಆ ಕೊಬ್ಬು ಸದಾ ಸಣ್ಣಗೆ ಉರಿಯೂತವನ್ನು ಕಾಯ್ದಿಟ್ಟಿರುತ್ತದೆ.

ಯುವಕರು ಆಸ್ಪತ್ರೆಗೆ ತಡವಾಗಿ ಬಂದದ್ದೂ ಉಂಟು. ಇದರ ಹಿಂದೆ ದೇಹಶಾಸ್ತ್ರದ ಒಂದು ಸ್ವಾರಸ್ಯವಿದೆ. ನಮಗೆ ಉಸಿರು ಕಟ್ಟಿದಂತಾಗುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಆಮ್ಲಜನಕ ಕಡಿಮೆಯಾದುದನ್ನು ದೇಹ ಅಷ್ಟು ಬೇಗ ಗುರುತಿಸದು. ಕೋವಿಡ್‌ನಲ್ಲಿ ಎಷ್ಟೋ ಮಂದಿಯ ಶ್ವಾಸಕೋಶ ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತಲೇ ಇರುತ್ತಿತ್ತು, ಆಮ್ಲಜನಕ ಮಾತ್ರ ಇಳಿಯುತ್ತ ಹೋಗುತ್ತಿತ್ತು. ಗಟ್ಟಿ ಹೃದಯದ ಯುವಕ ಫೋನಿನಲ್ಲಿ ಹರಟುತ್ತ ಕುಳಿತಿರುವಾಗಲೇ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 80 ತೋರಿಸಬಹುದಿತ್ತು. 94ಕ್ಕಿಂತ ಇಳಿದರೆ ವೈದ್ಯರ ಬಳಿ ಹೋಗಿ ಎಂದು ಆಗ ಬಾರಿಬಾರಿಗೂ ಹೇಳುತ್ತಿದ್ದದ್ದು ಇದಕ್ಕಾಗಿ. ಹೋದ ಎಲ್ಲರಿಗೂ ಹಾಸಿಗೆ ಸಿಕ್ಕಿತೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಜೀವಶಾಸ್ತ್ರದ ಪುಸ್ತಕದಲ್ಲಿಲ್ಲ.

ನೀವು ಪತ್ರಿಕೆಗಳಲ್ಲಿ ಓದಿರಬಹುದಾದ ಒಂದು ವಿಷಯವನ್ನೂ ಇಲ್ಲಿ ಹೇಳಬೇಕು. 2020ರಲ್ಲಿ ಹ್ಯೂಗೋ ಜೀಬರ್ಗ್ ಮತ್ತು ಸ್ವಾಂಟೆ ಪಾಬೊ (ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಪ್ರಶಸ್ತಿ ಬಂತು) ಮೂರನೆಯ ವರ್ಣತಂತುವಿನ ಒಂದು ತುಣುಕು ಕೋವಿಡ್ ತೀವ್ರವಾಗುವ ಸಾಧ್ಯತೆಯನ್ನು ಹೆಚ್ಚಿಸುತ್ತದೆಂದೂ, ಅದು ನಿಯಾಂಡರ್ತಾಲ್ ಮಾನವರಿಂದ ನಮಗೆ ಬಂದ ಬಳುವಳಿಯೆಂದೂ ತೋರಿಸಿದರು. ಯೂರೋಪಿನಲ್ಲಿ ಅದನ್ನು ಹೊತ್ತವರು 100ಕ್ಕೆ 16. ದಕ್ಷಿಣ ಏಷ್ಯಾದಲ್ಲಿ ಸುಮಾರು 50. ಭಾರತೀಯರ ಹಣೆಬರಹವೇ ಇಷ್ಟು ಎಂದು ಆಗ ಕೆಲವರು ಬರೆದರು. ಅವಸರದ ಮಾತು ಅದು. ಅರ್ಧ ಜನರಲ್ಲಿರುವ ತುಣುಕು ಹತ್ತು ಸಾವಿರಕ್ಕೆ ಒಬ್ಬನನ್ನು ಆರಿಸಿ ತೋರಿಸಲಾರದು. ಅದು ತಕ್ಕಡಿಯ ಒಂದು ತಟ್ಟೆಗೆ ಸಣ್ಣ ತೂಕವನ್ನು ಸೇರಿಸಬಲ್ಲದು, ಅಷ್ಟೆ. ಅಲ್ಲದೆ ಹೈದರಾಬಾದಿನ ಸಿಸಿಎಂಬಿ ಮತ್ತು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿಜ್ಞಾನಿಗಳು 2021ರಲ್ಲಿ ದಕ್ಷಿಣ ಏಷ್ಯಾದ ಜನರ ಮಾಹಿತಿಯನ್ನು ಹೋಲಿಸಿ ನೋಡಿದಾಗ, ಯೂರೋಪಿನಲ್ಲಿ ಕಂಡ ಸಂಬಂಧ ಇಲ್ಲಿ ಕಾಣಲಿಲ್ಲ.

"ಹಾಗಾದರೆ ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಲು ಏನು ತಿನ್ನಬೇಕು ಸರ್?" ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಆ ದಿನಗಳಲ್ಲಿ ಕಷಾಯದ ಪುಡಿಯಿಂದ ಹಿಡಿದು ಹಾಸಿಗೆಯ ದಿಂಬಿನವರೆಗೆ ಎಲ್ಲವೂ ಆ ಹೆಸರಿನಲ್ಲಿ ಮಾರಾಟವಾದವು. ಮೆಣಸು ಶುಂಠಿಯ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಆದರೆ ನಾಲ್ಕು ಅಕ್ಷರ ಬಿಟ್ಟುಹೋದ ವಂಶವಾಹಿಯನ್ನು ಯಾವ ಕಷಾಯವೂ ತಿದ್ದುವುದಿಲ್ಲ. ಲಸಿಕೆಯ ಕೆಲಸ ಬೇರೆ. ಅದು ಕುರುಡ ಕಾವಲುಗಾರನಿಗೆ ಕಣ್ಣು ಕೊಡುವುದಿಲ್ಲ. ಬೆಂಕಿ ಬೀಳುವ ಮುನ್ನವೇ ಬಣವೆಗಳ ಸುತ್ತ ನೀರು ತುಂಬಿದ ಕೊಡಗಳನ್ನು ಇಟ್ಟಿರುತ್ತದೆ. ಕೂಗು ಏಳದಿದ್ದರೂ ಕೈಗೆ ನೀರು ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತುಪರಿಸ್ಥಿತಿ ಮುಗಿಯಿತೆಂದು ಸಾರುವ ಹೊತ್ತಿಗೆ ಸಾವುಗಳು ಅಷ್ಟು ಇಳಿದಿದ್ದಕ್ಕೆ ಲಸಿಕೆಯೂ ಹಿಂದಿನ ಸೋಂಕುಗಳೂ ಜೊತೆಯಾಗಿ ಕಾರಣ.

ಆ ಹುಡುಗಿಯ ಅಣ್ಣನಿಗೆ ಇವುಗಳಲ್ಲಿ ಯಾವುದಿತ್ತು? ಅವನ ರಕ್ತವನ್ನು ಯಾರೂ ಈ ದೃಷ್ಟಿಯಿಂದ ಪರೀಕ್ಷಿಸಿಲ್ಲ. ಆ ಮೇ ತಿಂಗಳಲ್ಲಿ ಯಾವ ಆಸ್ಪತ್ರೆಗೂ ಅದಕ್ಕೆ ಬಿಡುವಿರಲಿಲ್ಲ. ಕಾವಲುಗಾರನ ಕಣ್ಣೋ, ಬಾಯಿಗೆ ತುರುಕಿದ ಬಟ್ಟೆಯೋ, ಗೊತ್ತಿಲ್ಲದ ಸಕ್ಕರೆಯೋ, ತಡವಾದ ಆಮ್ಲಜನಕವೋ, ಈಗ ಹೇಳುವಂತಿಲ್ಲ. ಆದರೆ ಐದು ವರ್ಷಗಳಲ್ಲಿ ವಿಜ್ಞಾನಿಗಳು ಹುಡುಕಿ ಬರೆದಿಟ್ಟ ಕಾರಣಗಳನ್ನು ನೀವೂ ಈಗ ನನ್ನ ಜೊತೆ ನೋಡಿದಿರಿ. ಅವುಗಳಲ್ಲಿ ತಲೆಗೆ ಹಾಕಿದ ನೀರಿಲ್ಲ, ಮೊಸರನ್ನವಿಲ್ಲ. ಇದನ್ನು ನೋಡುತ್ತಿದ್ದರೆ ಅಥವಾ ಈ ಪುಸ್ತಿಕೆಯಲ್ಲಿ ಓದುತ್ತಿದ್ದರೆ, ಆ ಹುಡುಗಿ ತನ್ನ ತಾಯಿಗೆ ಇಷ್ಟು ಭಾಗವನ್ನಾದರೂ ಓದಿ ಹೇಳಲಿ.